ಕಾದ ಸೌಟಿನಲ್ಲಿ ಕುಣಿಯುವ ಹನಿ: ಉಷ್ಣ ವರ್ಗಾವಣೆಯ ಒಂದು ಪಾಠ

‘ಪಾತ್ರೆ ಹೆಚ್ಚು ಕಾದಷ್ಟೂ ನೀರು ಬೇಗ ಆರುತ್ತದೆ’ ಎಂಬುದು ಮಕ್ಕಳ ಪೂರ್ವಜ್ಞಾನ. ಒಂದು ಹಂತದವರೆಗೆ ಅದು ಸರಿ. ಆ ಹಂತ ದಾಟಿದರೆ ಏನಾಗುತ್ತದೆ ಎಂಬುದನ್ನು ಒಂಬತ್ತನೆಯ ತರಗತಿಯ ಅಭ್ಯಾಸ ಬೋಧನೆಯಲ್ಲಿ ಪ್ರಯೋಗದಿಂದ ತೋರಿಸಿದೆ.

ಸಾಮಗ್ರಿ: ಕಬ್ಬಿಣದ ಒಗ್ಗರಣೆ ಸೌಟು, ಸಣ್ಣ ಗ್ಯಾಸ್ ಒಲೆ, ಡ್ರಾಪರ್, ನೀರು, ಗಡಿಯಾರ. ಚಪ್ಪಟೆ ಕಾವಲಿಯ ಮೇಲೆ ಹನಿ ಉರುಳಿಹೋಗುತ್ತದೆ. ಸೌಟಿನ ಗುಳಿಯಲ್ಲಿ ನಿಲ್ಲುತ್ತದೆ. ಸೌಟನ್ನು ಸೋಪಿನಿಂದ ತೊಳೆದು ಒರೆಸಿದ್ದೆ. ಮಕ್ಕಳನ್ನು ದೂರ ಕೂರಿಸಿ ಒಂದೊಂದೇ ಹನಿ ಹಾಕಿದೆ.

ಚಟುವಟಿಕೆ: ಮೊದಲು ಎಲ್ಲರಿಂದಲೂ ಊಹೆ ಬರೆಸಿದೆ. ಹದವಾಗಿ ಕಾದ ಸೌಟಿನಲ್ಲಿ ಹನಿ ಚುಂಯ್ ಎಂದು ಎರಡು ಮೂರು ಸೆಕೆಂಡಿನಲ್ಲಿ ಆರಿತು. ಚೆನ್ನಾಗಿ ಕಾಯಿಸಿದ ಮೇಲೆ ಹಾಕಿದ ಹನಿ ಗುಂಡಾಗಿ, ಸದ್ದಿಲ್ಲದೆ ಕುಣಿಯಿತು. ಅರ್ಧ ನಿಮಿಷ ದಾಟಿದರೂ ಉಳಿದಿತ್ತು.

“ಸೌಟಲ್ಲಿ ಎಣ್ಣೆ ಜಿಡ್ಡು ಇರ್ಬೇಕು ಮಿಸ್, ಅದಕ್ಕೇ ನೀರು ಅಂಟ್ತಿಲ್ಲ” ಎಂದ ಒಬ್ಬ ಹುಡುಗ. ಪರೀಕ್ಷಿಸಬಹುದಾದ ಊಹೆ ಅದು. ಉತ್ತರ ಹೇಳದೆ, ತುಸು ದೊಡ್ಡ ಹನಿ ಹಾಕಿ ಒಲೆ ಆರಿಸಿದೆ. ಸೌಟು ತಣಿಯುತ್ತಾ ಬಂದಂತೆ, ಕುಣಿಯುತ್ತಿದ್ದ ಹನಿ ಥಟ್ಟನೆ ಚುಂಯ್ ಎಂದು ಆವಿಯಾಯಿತು. ಸೌಟು ಅದೇ; ಜಿಡ್ಡಿದ್ದರೆ ಜಿಡ್ಡೂ ಅದೇ. ಬದಲಾದದ್ದು ತಾಪ ಮಾತ್ರ.

ವಿವರಣೆ: ಅತಿಯಾಗಿ ಕಾದ ಲೋಹದ ಮೇಲೆ ಹನಿಯ ತಳ ಕೂಡಲೇ ಆವಿಯಾಗಿ, ಸುಮಾರು 0.1 ಮಿ.ಮೀ. ದಪ್ಪದ ಪದರವಾಗುತ್ತದೆ, ಹನಿ ಅದರ ಮೇಲೆ ತೇಲುತ್ತದೆ. ಆವಿಯ ಉಷ್ಣವಾಹಕತೆ ನೀರಿನದರ ಸುಮಾರು 25ರಲ್ಲಿ ಒಂದು ಪಾಲು. 1 ಗ್ರಾಂ ಕುದಿಯುವ ನೀರು ಆವಿಯಾಗಲು ಸುಮಾರು 2260 ಜೂಲ್ ಉಷ್ಣ ಬೇಕು. ಅದು ನಿಧಾನವಾಗಿ ತಲುಪುವುದರಿಂದ ಹನಿ ಬಾಳುತ್ತದೆ. ನಯವಾದ ಲೋಹದ ಮೇಲೆ ನೀರಿಗೆ ಇದು ಸುಮಾರು 200° ಸೆ. ಆಸುಪಾಸಿನಲ್ಲಿ ಆರಂಭವಾಗುತ್ತದೆ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್, ಕೆಂಪಗೆ ಕಾದ ಕಬ್ಬಿಣದ ಚಮಚದಲ್ಲಿ ಇದನ್ನು ಪರೀಕ್ಷಿಸಿ 1756ರಲ್ಲಿ ಪ್ರಕಟಿಸಿದ. ವಿದ್ಯಮಾನಕ್ಕೆ ಅವನ ಹೆಸರೇ ಇದೆ.

ಅನ್ವಯ: ಕಮ್ಮಾರ ಕೆಂಪಗೆ ಕಾದ ಕುಡುಗೋಲನ್ನು ನೀರಿಗೆ ಅದ್ದಿದಾಗಲೂ ಮೊದಲು ಆವಿಯ ಹೊದಿಕೆ ಏಳುತ್ತದೆ. ಅಲ್ಲಾಡಿಸಿದರೆ ಹೊದಿಕೆ ಬೇಗ ಒಡೆದು ಲೋಹ ಬೇಗ ತಣಿಯುತ್ತದೆ. ಪರಮಾಣು ಸ್ಥಾವರದ ಇಂಧನ ಕಡ್ಡಿಗಳು ಮಿತಿಮೀರಿ ಕಾದರೆ, ಸುತ್ತ ನೀರಿದ್ದರೂ ಇದೇ ಹೊದಿಕೆ ಅವುಗಳನ್ನು ತಣಿಯಗೊಡುವುದಿಲ್ಲ. ತಾಪದ ವ್ಯತ್ಯಾಸವೊಂದೇ ಸಾಲದು, ನಡುವೆ ಏನಿದೆ ಎಂಬುದೂ ಮುಖ್ಯ.

ಮೌಲ್ಯಮಾಪನ: “ಒಲೆ ಆರಿಸಿದ ಮೇಲೆ ಹನಿ ಬೇಗ ಆರಿದ್ದೇಕೆ?” ಎಂದು ಕೇಳಿದೆ. ಜಿಡ್ಡಿನ ಮಾತೆತ್ತಿದ ಹುಡುಗನೇ ಬರೆದ: “ಮಧ್ಯದ ಆವಿ ಹೋಯಿತು, ನೀರು ಸೌಟನ್ನು ಮುಟ್ಟಿತು.”