ಬಿಸಿಲು ದಿಬ್ಬಕ್ಕೆ ಕವಳಿ ಬೇಲಿ

ಅಡಿಕೆ, ಕಾಫಿ ಎಂದರೆ ನೆರಳು, ತಂಪು, ನೀರು ಎಂದೇ ನಮ್ಮ ಲೆಕ್ಕ. ಆದರೆ ನಮ್ಮಲ್ಲಿ ಬಹುಮಂದಿಯ ತೋಟದ ಮೇಲ್ಬದಿಗೆ ನೀರು ಹತ್ತದ, ನೆರಳು ಕಾಣದ ಜಂಬಿಟ್ಟಿಗೆ ದಿಬ್ಬವೊಂದು ಇದ್ದೇ ಇರುತ್ತದೆ. ದನ ನುಗ್ಗುವುದೂ ಆ ಕಡೆಯಿಂದಲೇ. ಅಲ್ಲಿಗೆ ಪ್ರತಿ ಸಲ ಕಂಬ, ತಂತಿ ಎಂದು ಹಣ ಸುರಿಯುವ ಬದಲು ಕವಳಿ ಹಚ್ಚುವ ವಿಚಾರವನ್ನು ಸದಸ್ಯ ಬಾಂಧವರು ಮಾಡಬೇಕೆಂದು ಈ ಲೇಖನ.

ಬೇಸಿಗೆಯಲ್ಲಿ ಬೆಳಗಾವಿಯ ರವಿವಾರ ಪೇಟೆಗೆ ಸಂತೆಗೆ ಹೋದವರಿಗೆ ಖಾನಾಪುರದ ಕಡೆಯ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ತರುವ ಕಪ್ಪು ಹಣ್ಣಿನ ಪರಿಚಯ ಹೇಳಬೇಕಿಲ್ಲ. ಮರಾಠಿಯವರು ಕರವಂದ ಎನ್ನುತ್ತಾರೆ. ಸಸ್ಯಶಾಸ್ತ್ರದ ಹೆಸರು ಕ್ಯಾರಿಸ್ಸಾ ಕರಂಡಾಸ್. ಹೂವು ಬಿಳಿ, ಪರಿಮಳವೂ ಉಂಟು; ದೂರದಿಂದ ಕಾಫಿ ಹೂವೆಂದೇ ತೋರೀತು. ಆದರೆ ಕುಲ ಬೇರೆ. ಇದು ಕಣಗಿಲೆ, ನಂದಿಬಟ್ಟಲುಗಳ ಬಳಗದ್ದು. ಎಲೆ ಮುರಿದರೆ ಹಾಲು ಬರುತ್ತದೆ. ವಿಷದ ಕಣಗಿಲೆಯ ನಂಟನೇ ತಿನ್ನುವ ಹಣ್ಣು ಕೊಡುವುದು ಸೋಜಿಗ.

ವರ್ಷವಿಡೀ ಹಸಿರಾಗಿರುವ ಈ ಗಿಡಕ್ಕೆ ಬೇಕಾದದ್ದು ಬಿಸಿಲು ಮತ್ತು ನೀರು ನಿಲ್ಲದ ನೆಲ. ಕಲ್ಲು ನೆಲ, ತೆಳು ಮಣ್ಣು ಆದೀತು. ನೀರು ನಿಂತರೆ ಬೇರು ಕೊಳೆಯುತ್ತದೆ. ಆದ್ದರಿಂದ ಕಣಕುಂಬಿ, ಜಾಂಬೋಟಿಯಂಥ ಭಾರೀ ಮಳೆಯ ಸೀಮೆಯವರು ಇಳಿಜಾರನ್ನೇ ಆರಿಸಿಕೊಳ್ಳತಕ್ಕದ್ದು. ಅಡಿಕೆ ಸಾಲಿನ ಒಳಗೆ, ಕಾಫಿಯ ನೆರಳಿನಲ್ಲಿ ಇದನ್ನು ಹಚ್ಚಲೇಬಾರದು. ಕಾಯಿ ಹಿಡಿಯದು, ಕವಲು ಮುಳ್ಳು ಮಾತ್ರ ಆಳುಗಳ ಕಾಲಿಗೆ ಸಿಕ್ಕೀತು.

ಸಸಿ ಎಬ್ಬಿಸುವ ಕೆಲಸದಲ್ಲಿಯೇ ಹೆಚ್ಚು ಜನ ಸೋಲುತ್ತಾರೆ. ಕವಳಿ ಬೀಜವನ್ನು ಭತ್ತದಂತೆ ಕಾಪಿಟ್ಟು ಮುಂದಿನ ವರ್ಷ ಬಿತ್ತಿದರೆ ಮೊಳೆಯದು. ಅದರ ಜೀವ ಬೇಗ ಹೋಗುತ್ತದೆ. ಮೇ ಕೊನೆಗೆ ಪೂರ್ಣ ಕಪ್ಪಾದ ದೊಡ್ಡ ಹಣ್ಣು ಆರಿಸಿ, ಬೀಜ ಹಿಸುಕಿ ತೊಳೆದು, ನೆರಳಲ್ಲಿ ಆರಿಸಿ, ಎರಡು ಮೂರು ದಿನದೊಳಗೆ ಚೀಲಗಳಿಗೆ ಊರಬೇಕು. ಮಳೆಯೂ ಆಗಲೇ ಹಿಡಿಯುವುದರಿಂದ ಅನುಕೂಲ. ಸಸಿ ಬೆಳೆಯುವುದು ನಿಧಾನ. ಒಂದು ವರ್ಷ ಚೀಲದಲ್ಲಿಯೇ ಇಟ್ಟು ಮರುವರ್ಷದ ಜೂನಿನಲ್ಲಿ ನಾಟಿ ಮಾಡಬೇಕು. ಕಡ್ಡಿ ನೆಟ್ಟರೆ ಬೇರು ಬರುವುದು ಕಷ್ಟ. ಗೂಟಿ ಕಟ್ಟಿದರೆ ಆಗುತ್ತದೆ. ಹಣ್ಣಿಗಾಗಿಯೇ ಬೆಳೆಸುವವರು ದಾಪೋಲಿಯ ಕೃಷಿ ವಿದ್ಯಾಪೀಠದ ‘ಕೊಂಕಣ ಬೋಲ್ಡ್’ ತಳಿಯನ್ನು ವಿಚಾರಿಸಬಹುದು. ಪಂತನಗರದ ತಳಿಗಳೂ ಇವೆ, ಆದರೆ ನಮಗೆ ಹತ್ತಿರದ ಹವೆ ಕೊಂಕಣದ್ದು.

ಬೇಲಿಗೆ ಎರಡೂವರೆ ಅಡಿಗೊಂದು ಗಿಡ. ಚೌಕವಾದ ಒಂದು ಎಕರೆಯ ಸುತ್ತಳತೆ ಸುಮಾರು 835 ಅಡಿ. ನಾಲ್ಕೂ ಕಡೆಗೆ 335 ಸಸಿ ಬೇಕು. ಬಿಸಿಲಿನ ಎರಡು ಬದಿಗೆ ಮಾತ್ರವಾದರೆ ಅದರ ಅರ್ಧ ಸಾಕು. ಗುಣಿಗೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಹಾಕಿರಿ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ನೀರು ಕೊಡಿರಿ. ಎಳೆ ಸಸಿಗೆ ಮುಳ್ಳು ಗಟ್ಟಿಯಿಲ್ಲ, ಆಡು ಮೇಯದಂತೆ ಕಾಯಬೇಕು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಬೇಲಿಯೂ ಬಿಗಿಯಾಗಬೇಕು, ಹಣ್ಣೂ ತುಂಬ ಬರಬೇಕು ಎಂದರೆ ಎರಡೂ ಪೂರ್ತಿ ಸಿಗವು. ಹೂವು ಬರುವುದು ಟೊಂಗೆಯ ತುದಿಗೆ. ಬೇಸಿಗೆಗೆ ಮುಂಚೆ ಕತ್ತರಿಸಿದರೆ ಆ ವರ್ಷದ ಫಸಲೇ ಹೋಯಿತು. ಕೊಯ್ಲು ಮುಗಿದ ಮೇಲೆ, ಮಳೆಯ ಆರಂಭದಲ್ಲಿ ಸವರುವುದು ಲೇಸು. ಒಳಬದಿಯನ್ನು ಹಾಗೆಯೇ ಬಿಟ್ಟು ಹೊರಬದಿ ಮಾತ್ರ ಸವರಿದರೆ ಎರಡಕ್ಕೂ ಒಪ್ಪಂದವಾದಂತೆ. ಬೇಲಿ ಕೂಡಿಕೊಳ್ಳಲು ಮೂರು ನಾಲ್ಕು ವರ್ಷ ಬೇಕು, ಫಲವೂ ಸರಿಸುಮಾರು ಆಗಲೇ. ದನಕ್ಕೆ ಇದು ಬೇಲಿ; ಆನೆಗಾಗಲಿ ಕಾಡುಕೋಣಕ್ಕಾಗಲಿ ಅಲ್ಲ.

ಮಾರಾಟದ ಮಾತಿಗೆ ಬಂದರೆ, ಮಾಗಿದ ಹಣ್ಣು ಎರಡು ಮೂರು ದಿನಕ್ಕಿಂತ ತಾಳದು. ಎಳೆಗಾಯಿ ಉಪ್ಪಿನಕಾಯಿಗೆ ನಡೆಯುತ್ತದೆ. ಕಾಯಿಯಲ್ಲಿ ಪೆಕ್ಟಿನ್ ಹೆಚ್ಚಿರುವುದರಿಂದ ಜೆಲ್ಲಿ ಚೆನ್ನಾಗಿ ಗಟ್ಟಿಯಾಗುತ್ತದೆ. ಬೇಕರಿಯ ಕೇಕಿನ ಮೇಲೆ ‘ಚೆರ್ರಿ’ ಎಂದು ಕೂತಿರುವುದೂ ಎಷ್ಟೋ ಸಲ ಬಣ್ಣ, ಸಕ್ಕರೆಯಲ್ಲಿ ಅದ್ದಿದ ನಮ್ಮ ಕವಳಿಯೇ! ಆದರೂ ಹಣ್ಣಿನ ದುಡ್ಡನ್ನು ಮೇಲಾದಾಯವೆಂದೇ ಎಣಿಸಿರಿ, ಅದರ ಮೇಲೆ ಸಾಲ ಮಾಡಬೇಡಿರಿ.

ಬೀಜಕ್ಕೆ ಕಾಡಿನ ಗಿಡವನ್ನು ಬೋಳಿಸಬಾರದು. ಬುಟ್ಟಿಯವರ ಬೇಸಿಗೆಯ ಗಳಿಕೆ ಆ ಗಿಡಗಳ ಮೇಲೆ ನಿಂತಿದೆ. ಅವರಿಂದಲೇ ಎರಡು ಸೇರು ಹಣ್ಣು ಕೊಂಡರೆ ಒಂದು ಎಕರೆಯ ಬೇಲಿಗೆ ಬೇಕಾದ ಬೀಜ ಧಾರಾಳವಾಗಿ ಸಿಗುತ್ತದೆ. ಒಂದೊಂದು ಹಣ್ಣಿನಲ್ಲಿ ನಾಲ್ಕಾರು ಬೀಜ ಇರುತ್ತವೆ.