ಅಂಕಿತವಿಲ್ಲದ ದುಡಿಮೆ: ಬೀಸುವ ಪದಗಳ ಕರ್ತೃತ್ವದ ಪ್ರಶ್ನೆ

ವಿಜಯಪುರ ಜಿಲ್ಲೆಯಲ್ಲಿ ದುಡಿಮೆಗೂ ಕಲೆಗೂ ಇರುವ ಸಂಬಂಧವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಬಸವನ ಬಾಗೇವಾಡಿಯಿಂದ ಆರಂಭವಾಗುತ್ತದೆ. ಅದು ಬಸವಣ್ಣನ ಜನ್ಮಸ್ಥಳವಾದುದರಿಂದ ಇದು ಸಹಜವೇ. ಆದರೆ ಕಾಯಕತತ್ವದ ವಿವೇಚನೆಯಲ್ಲಿಯೇ ತೃಪ್ತಿ ಕಾಣುವ ಅಧ್ಯಯನಗಳು, ಇದೇ ನೆಲದ ಹೆಣ್ಣುಮಕ್ಕಳು ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕುಳಿತು ಕಟ್ಟಿದ ಕಾವ್ಯವನ್ನು ಜಾನಪದದ ಕಪಾಟಿನಲ್ಲಿ ಪ್ರತ್ಯೇಕವಾಗಿರಿಸಿವೆ. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ, ದುಡಿದವರ ಹಾಡು ಉಳಿದು ಹೆಸರು ಮಾತ್ರ ಅಳಿದುದು ಏಕೆಂಬ ಪ್ರಶ್ನೆ ಎದುರಾಗುತ್ತದೆ.

ಶರಣರಲ್ಲಿ ದುಡಿಮೆಯೇ ಹೆಸರಿನ ಭಾಗವಾಯಿತು. ಕೊಟ್ಟಣದ ಸೋಮವ್ವೆ ಧಾನ್ಯ ಕುಟ್ಟುವವಳು. ಕದಿರ ರೆಮ್ಮವ್ವೆ ನೂಲುವವಳು. ಮುದ್ದೇಬಿಹಾಳ ತಾಲೂಕಿನ ತಂಗಡಗಿಯ ಐತಿಹ್ಯದಲ್ಲಿ ನೆಲೆಸಿರುವ ಹಡಪದ ಅಪ್ಪಣ್ಣನ ಹೆಸರಿನಲ್ಲಿರುವುದು ಎಲೆಯಡಿಕೆಯ ಚೀಲ. ಸೋಮವ್ವೆಯದೆಂದು ದೊರೆತಿರುವುದು ಒಂದೇ ವಚನ. ಆದರೂ ಸಿಂದಗಿ ತಾಲೂಕಿನಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಹೊರಬಂದ ಸಮಗ್ರ ವಚನ ಸಂಪುಟಗಳಲ್ಲಿ ಆಕೆಗೆ ಹೆಸರು, ಅಂಕಿತ, ಸ್ಥಾನ ಮೂರೂ ಇವೆ.

ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ' ಪ್ರಕಟವಾದುದು 1923ರಲ್ಲಿ. ಎಂಟು ವರ್ಷಗಳ ಅನಂತರ, 1931ರಲ್ಲಿ, ಆಗ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಪ್ರಕಟಿಸಿದರು. (ಹಲಸಂಗಿ ಈಗ ಚಡಚಣ ತಾಲೂಕಿಗೆ ಸೇರಿದೆ.) ಹಳಕಟ್ಟಿಯವರು ತಾಳೆಗರಿಯಿಂದ ಮಾಡಿದ ಕೆಲಸವನ್ನು ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಬಾಯಿಂದ ಮಾಡಿದರೆನ್ನಬಹುದು. ಓದುಬರಹ ಬಲ್ಲವರು ಹಳ್ಳಿಯ ನುಡಿಯನ್ನು ಕೀಳಾಗಿ ಕಾಣುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಾಹಸವಲ್ಲ. ಆದರೆ ಇಲ್ಲಿ ಹಾಡಿಗೆ ದುಡಿಮೆಯ ಹೆಸರು ಬಂದಿತು: ಬೀಸುವ ಪದ, ಕುಟ್ಟುವ ಪದ. ದುಡಿದವಳಿಗೆ ಬಂದುದು 'ಗರತಿ' ಎಂಬ ಸಾಮಾನ್ಯನಾಮ.

ಬೀಸುವ ಪದವು ಕೇವಲ ಶ್ರಮಪರಿಹಾರದ ಸಾಧನವೆಂಬ ರೂಢಿಯ ವಿವರಣೆ ಸಾಲದು. ಎದುರುಬದುರು ಕುಳಿತ ಇಬ್ಬರು ಒಂದೇ ಗೂಟ ಹಿಡಿದು ತಿರುಗಿಸುತ್ತಾರೆ. ನಡುನಡುವೆ ಹಿಡಿ ಜೋಳ ಬೀಳುತ್ತದೆ. ತ್ರಿಪದಿಯ ಎರಡನೆಯ ಸಾಲು ಮರುಕಳಿಸಿ, ಮೂರು ಸಾಲು ನಾಲ್ಕಾಗಿ ಕೇಳಿಸುತ್ತದೆ. ಆ ಮರುಕಳಿಕೆ ಮುಂದಿನ ನುಡಿಯನ್ನು ನೆನೆಯಲು, ಇಲ್ಲವೇ ಹೊಸದಾಗಿ ಹೊಸೆಯಲು ಬಿಡುವು ಕೊಡುತ್ತದೆ. ಅತ್ತೆಮನೆಯಲ್ಲಿ ಆಡಬಾರದ ಮಾತಿಗೆ ಕಲ್ಲಿನ ಸದ್ದು ಮರೆಯೂ ಆಗುತ್ತದೆ. ತವರಿನ ಹಂಬಲ, ಅಣ್ಣನ ಮೇಲಿನ ಮುನಿಸು, ಬಂಜೆತನದ ಸಂಕಟಗಳು ಈ ಮರೆಯಲ್ಲಿಯೇ ನುಡಿಯಾಗಿವೆ. ಹಾಗಿದ್ದರೂ, ಸ್ವಂತ ಮನೆಯ ಜೋಳ ಬೀಸುವ ಸೊಸೆಗೂ ಪಡಿ ಕಾಳಿಗಾಗಿ ಪರರ ಮನೆಯ ಜೋಳ ಬೀಸುವವಳಿಗೂ ಕಲ್ಲಿನ ಭಾರ ಒಂದೇ ಆಗಿರಲಾರದು. 'ಗರತಿ' ಎಂಬ ಪದ ಜಾತಿ-ವರ್ಗಗಳ ಈ ಅಂತರವನ್ನು ಮುಚ್ಚುತ್ತದೆ. ಗರತಿಯೆನಿಸಿಕೊಳ್ಳದ ಹೆಣ್ಣಿನ ಹಾಡು ಎಲ್ಲಿ ಹೋಯಿತೆಂದು ಕೇಳಲೂ ಬಿಡುವುದಿಲ್ಲ.

ಮೌಖಿಕ ಪರಂಪರೆಯಲ್ಲಿ ಕರ್ತೃವಿನ ಹೆಸರು ಉಳಿಯುವುದೇ ಇಲ್ಲವೆಂಬ ಸಮಾಧಾನ ಇಲ್ಲಿ ಒಪ್ಪತಕ್ಕುದಲ್ಲ. ಅದೇ ಹಲಸಂಗಿಯ ಲಾವಣಿಕಾರ ಖಾಜಾಭಾಯಿಯ ಹೆಸರು ಉಳಿದಿದೆ. ಲಾವಣಿ ಮೂಲತಃ ಬಾಯಿಯ ಕಲೆಯೇ. ಆದರೆ ಅದು ಕೂಡಿದ ಜನರ ಎದುರು, ಸವಾಲು-ಜವಾಬಿನಲ್ಲಿ ಗೆಲ್ಲಬೇಕಾದ ಕಲೆ. ಕಡೆಯ ನುಡಿಯಲ್ಲಿ ಕವಿ ತನ್ನ ಊರನ್ನೂ ಹೆಸರನ್ನೂ ಸಾರುವುದು ಅಲ್ಲಿನ ರೂಢಿ. ಒಳಮನೆಯ ಕಲ್ಲಿನ ಮುಂದೆ ಅಂಥ ಸಭೆಯಿಲ್ಲ, ಗೆದ್ದವಳೂ ಇಲ್ಲ. ಆದ್ದರಿಂದ ಹೆಸರನ್ನು ಅಳಿಸಿದುದು ಮೌಖಿಕತೆಯಲ್ಲ, ಆ ದುಡಿಮೆಗೆ ಸಮಾಜ ಕೊಟ್ಟ ಸ್ಥಾನ.

ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತು. ಹಾಡು ಹೋಯಿತೆಂದು ವಿದ್ವಾಂಸರು ಹಳಹಳಿಸಿದ್ದಾರೆ; ಬೀಸಿ ಅಂಗೈ ಜಡ್ಡುಗಟ್ಟಿಸಿಕೊಂಡವರು ಹಾಗೆ ಹಳಹಳಿಸಬೇಕಾದ ಕಾರಣವಿಲ್ಲ. ವಿಶ್ವವಿದ್ಯಾಲಯಗಳ ಕ್ಷೇತ್ರಕಾರ್ಯ ಹಾಡುವವರ ಹೆಸರು, ವಯಸ್ಸು, ಊರುಗಳನ್ನು ದಾಖಲಿಸುವ ಶಿಸ್ತನ್ನು ತಂದಿತೆಂಬುದು ನಿಜ. ಆದರೂ ಆ ವಿವರಗಳಿಗೆ ಸಿಕ್ಕಿರುವುದು ಪುಸ್ತಕದ ಕೊನೆಯ 'ವಕ್ತೃಗಳ ಪಟ್ಟಿ'. ಮುಖಪುಟದ ಮೇಲೆ ಇಂದಿಗೂ ಸಂಪಾದಕರ ಹೆಸರೇ ಇರುತ್ತದೆ.