ಕೈ ಎತ್ತುವ ಮುನ್ನ

ನಾವು ನ್ಯೂಜೆರ್ಸಿಗೆ ಬಂದ ಮೊದಲ ವರ್ಷ, ನವೆಂಬರಿನಲ್ಲಿ ಟೀಚರ್ ಭೇಟಿಗೆ ಹೋದಾಗ ನಮಗೆ ಸಿಕ್ಕಿದ್ದು ಹದಿನೈದು ನಿಮಿಷ. ಲೆಕ್ಕ ಚೆನ್ನಾಗಿದೆ, ಓದು ಚೆನ್ನಾಗಿದೆ ಎಂದ ಟೀಚರ್ ಕೊನೆಗೆ, ‘ಕ್ಲಾಸಿನಲ್ಲಿ ಮಾತ್ರ ಅವಳ ದನಿಯನ್ನೇ ನಾನು ಕೇಳಿಲ್ಲ’ ಎಂದರು. ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಅರಳು ಹುರಿದಂತೆ ಮಾತಾಡುವ ಮಗಳು! ವಾಪಸ್ ಬರುವಾಗ ಕಾರಿನಲ್ಲೇ ಕೇಳಿಬಿಟ್ಟೆ, ‘ಯಾಕೆ ಬಾಯಿ ಬಿಡಲ್ಲ ನೀನು?’ ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಹಾಗೆ ಕೇಳಬಾರದಿತ್ತು.

ಕಾರಣ ಹೊರಬಿದ್ದದ್ದು ಎರಡು ವಾರದ ಮೇಲೆ, ನಾನು ಚಪಾತಿ ಲಟ್ಟಿಸುತ್ತಿದ್ದಾಗ. ಲೆಕ್ಕದ ಕ್ಲಾಸಿನಲ್ಲಿ ಅವಳು ‘ಸಿಕ್ಸ್ ಇಂಟು ಫೋರ್’ ಅಂದಿದ್ದಳಂತೆ. ನಮ್ಮೂರಿನ ಶಾಲೆಯಲ್ಲಿ ಅದು ಗುಣಾಕಾರ. ಇಲ್ಲಿ ‘ಸಿಕ್ಸ್ ಟೈಮ್ಸ್ ಫೋರ್’ ಅನ್ನಬೇಕು. ‘ಇಂಟು’ ಎಂದರೆ ಇಲ್ಲಿಯ ಕಿವಿಗೆ ಭಾಗಾಕಾರದ ಹಾಗೆ ಕೇಳುತ್ತದೆ. ಉತ್ತರ ಸರಿಯಿತ್ತು, ಮಾತು ಯಾರಿಗೂ ತಿಳಿಯಲಿಲ್ಲ. ಇಬ್ಬರು ನಕ್ಕರು. ಅಂದಿನಿಂದ ಅವಳ ಕೈ ಮೇಲೇಳಲಿಲ್ಲ.

ಹೊಸದಾಗಿ ಬಂದ ಅಪ್ಪ ಅಮ್ಮಂದಿರು ನಮ್ಮ ಶನಿವಾರದ ಕನ್ನಡ ತರಗತಿಯ ಬಾಗಿಲಲ್ಲಿ ನಿಂತು, ಮಗುವಿನ ಎದುರಿಗೇ, ‘ಇವನಿಗೆ ಸಂಕೋಚ ಜಾಸ್ತಿ’ ಅನ್ನುತ್ತಾರೆ. ದಯವಿಟ್ಟು ಹಾಗೆ ಅನ್ನಬೇಡಿ. ನಾಲ್ಕು ಸಲ ಕೇಳಿದ ಮಗು ಅದನ್ನೇ ತನ್ನ ಗುಣ ಎಂದು ನಂಬಿಬಿಡುತ್ತದೆ. ನಾನು ಕಂಡ ಎಷ್ಟೋ ಮಕ್ಕಳಿಗೆ ಇದ್ದದ್ದು ಸಂಕೋಚವಲ್ಲ, ಇಲ್ಲಿಯ ಕ್ಲಾಸಿನ ಮಾತು ಗೊತ್ತಿಲ್ಲದ ಅಳುಕು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಮಗುವಿಗೂ ಇದು ತಪ್ಪಿದ್ದಲ್ಲ. ‘ರಬ್ಬರ್’ ಇಲ್ಲಿ ‘ಇರೇಸರ್’. ‘ಫುಲ್‌ಸ್ಟಾಪ್’ ಇಲ್ಲಿ ‘ಪೀರಿಯಡ್’. ‘ಝಡ್’ ಇಲ್ಲಿ ‘ಝೀ’. ‘ಐ ಹ್ಯಾವ್ ಎ ಡೌಟ್’ ಎಂದರೆ ಟೀಚರ್ ತನ್ನ ಮಾತನ್ನೇ ಮಗು ನಂಬುತ್ತಿಲ್ಲ ಅಂದುಕೊಂಡಾರು. ‘ಐ ಹ್ಯಾವ್ ಎ ಕ್ವೆಶ್ಚನ್’ ಅನ್ನಬೇಕು. ದಿನಾಂಕದಲ್ಲಿ ತಿಂಗಳು ಮೊದಲು. ಒಂದು ಸಂಜೆ ಮಗುವಿನ ಜೊತೆ ಕೂತು ಇಂಥ ಪದಗಳನ್ನು ಆಟದ ಹಾಗೆ ಹೇಳಿಕೊಳ್ಳಿ. ದುಬಾರಿ ಸ್ಪೀಚ್ ಕ್ಲಾಸಿಗೆ ಸೇರಿಸುವ ಮೊದಲು ಮಾಡಬೇಕಾದದ್ದು ಇದು.

ಶಾಲೆಯ ಪದ್ಧತಿಯೂ ಬೇರೆ. ಐವತ್ತು ಮಕ್ಕಳ ಕ್ಲಾಸಿನಲ್ಲಿ ಸದ್ದಿಲ್ಲದೆ ಕೂತವರೇ ಒಳ್ಳೆಯ ಮಕ್ಕಳು ಎಂದು ಬೆಳೆದವರು ನಾವು. ‘ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು’ ಎಂದು ಕೇಳುತ್ತ ಬಂದವರು. ಇಲ್ಲಿ ಅರ್ಧ ಗೊತ್ತಿದ್ದರೂ ಹೇಳು, ತಪ್ಪಾದರೆ ತಿದ್ದೋಣ ಎನ್ನುತ್ತಾರೆ. ಚರ್ಚೆಯಲ್ಲಿ ಭಾಗವಹಿಸುವುದಕ್ಕೆ ರಿಪೋರ್ಟ್ ಕಾರ್ಡಿನಲ್ಲಿ ಬೇರೆಯೇ ಸಾಲು ಇರುವ ಶಾಲೆಗಳುಂಟು. ಇದನ್ನು ಮಗುವಿಗೆ ಬಾಯಿಬಿಟ್ಟು ಹೇಳಬೇಕು. ಯಾರೂ ಹೇಳದಿದ್ದರೆ ಅದಕ್ಕೆ ಹೇಗೆ ತಿಳಿಯಬೇಕು?

ಟೀಚರ್ ಜೊತೆ ಮಾತಾಡುವಾಗ ನೆನಪಿಡಬೇಕಾದ ಒಂದು ಸಂಗತಿ ಇದೆ. ಮೇರಿ ಬಡ್ ರೋ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದರು: ಪ್ರಶ್ನೆ ಕೇಳಿದ ಟೀಚರ್ ಉತ್ತರಕ್ಕೆ ಕಾಯುವುದು ಸರಾಸರಿ 1 ಸೆಕೆಂಡಿನಷ್ಟೇ. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಎಂದೂ ಕೈ ಎತ್ತದವರೂ ಎತ್ತತೊಡಗಿದರು. ಎರಡು ಭಾಷೆ ಆಡುವ ಮಗು ಆ ಒಂದು ಸೆಕೆಂಡಿನಲ್ಲಿ ಉತ್ತರ ಹುಡುಕಿ, ಅದಕ್ಕೆ ಇಂಗ್ಲಿಷ್ ಕೂಡ ಜೋಡಿಸಬೇಕಲ್ಲ! ಆದ್ದರಿಂದ ಟೀಚರಿಗೆ ಎರಡು ಸಾಲಿನ ಇಮೇಲ್ ಬರೆಯಿರಿ: ನಮ್ಮ ಮಗುವಿಗೆ ಯೋಚಿಸಲು ಸ್ವಲ್ಪ ಹೊತ್ತು ಕೊಡಿ, ಯಾವ ಪ್ರಶ್ನೆ ಕೇಳುತ್ತೀರಿ ಎಂದು ಸಾಧ್ಯವಾದರೆ ಮುಂಚೆಯೇ ಹೇಳಿ. ಮೊದಲು ಒಬ್ಬರೇ ಯೋಚಿಸಿ, ಪಕ್ಕದವರೊಂದಿಗೆ ಮಾತಾಡಿ, ಆಮೇಲೆ ಇಡೀ ಕ್ಲಾಸಿಗೆ ಹೇಳುವ ಕ್ರಮವನ್ನು ಫ್ರಾಂಕ್ ಲೈಮನ್ 1981ರಲ್ಲಿ ರೂಪಿಸಿದರು. ಇಲ್ಲಿಯ ಬಹುತೇಕ ಟೀಚರುಗಳಿಗೆ ಅದು ‘ಥಿಂಕ್-ಪೇರ್-ಶೇರ್’ ಎಂದು ಗೊತ್ತು. ಕೇಳಿದರೆ ಬೇಸರಪಡುವುದಿಲ್ಲ.

ಅದೇ ಇಮೇಲಿನಲ್ಲಿ ಮಗುವಿನ ಹೆಸರನ್ನು ಹೇಗೆ ಉಚ್ಚರಿಸಬೇಕು ಎಂದೂ ಬರೆಯಿರಿ. ದಿನಕ್ಕೊಂದು ಬಗೆಯಲ್ಲಿ ತನ್ನ ಹೆಸರು ಕೇಳುವ ಮಗು ಹಾಜರಿ ಹೇಳುವುದಕ್ಕೂ ಹಿಂಜರಿಯುತ್ತದೆ. ಅವರ ಅನುಕೂಲಕ್ಕೆ ಹೆಸರನ್ನೇ ಮೊಟಕು ಮಾಡಬೇಡಿ.

ಶಾಲೆಗೆ ಸೇರಿಸುವಾಗ ಮನೆಯ ಭಾಷೆ ಯಾವುದು ಎಂದು ಕೇಳುವ ಫಾರಂ ಕೊಡುತ್ತಾರೆ. ಇಎಸ್‌ಎಲ್‌ಗೆ, ಅಂದರೆ ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಇಂಗ್ಲಿಷ್ ಕಲಿಯಲು ನೆರವಾಗುವ ತರಗತಿಗೆ, ಹಾಕಿಬಿಡುತ್ತಾರೆ ಎಂಬ ಹೆದರಿಕೆಯಿಂದ ಕೆಲವರು ‘ಇಂಗ್ಲಿಷ್’ ಎಂದು ಬರೆಯುವುದನ್ನು ಕಂಡಿದ್ದೇನೆ. ನಿಜ ಬರೆಯಿರಿ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಭಾಷೆಯ ಮಕ್ಕಳ ಮೊಕದ್ದಮೆಯಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ಗಟ್ಟಿಯಾದ ಹಕ್ಕು ಈ ನೆರವು. ಐದಾರು ಮಕ್ಕಳು ಕೂರುವ ಆ ಚಿಕ್ಕ ಕೋಣೆಯಲ್ಲೇ ಎಷ್ಟೋ ಮಕ್ಕಳು ಮೊದಲ ವಾಕ್ಯ ಆಡುತ್ತಾರೆ. ಬೇಡವೆನಿಸಿದರೆ ನಿರಾಕರಿಸುವ ಹಕ್ಕೂ ನಿಮಗಿದೆ.

ಮನೆಯಲ್ಲಿ ಕನ್ನಡ ಬಿಡಬೇಡಿ. ಶಾಲೆಯಲ್ಲಿ ನಡೆದದ್ದನ್ನು ಕನ್ನಡದಲ್ಲಿ ಉದ್ದಕ್ಕೆ ಹೇಳಬಲ್ಲ ಮಗುವಿಗೆ ಅದನ್ನೇ ಇಂಗ್ಲಿಷಿಗೆ ದಾಟಿಸುವುದು ಸುಲಭ. ರಾತ್ರಿ ಊಟದ ಹೊತ್ತಿನಲ್ಲಿ ‘ಇವತ್ತು ಕೈ ಎತ್ತಿದೆಯಾ?’ ಎಂದು ವಿಚಾರಣೆ ಮಾಡುವ ಬದಲು, ನಾಳೆಗೆ ಒಂದೇ ಒಂದು ವಾಕ್ಯ ಸಿದ್ಧಮಾಡಿ ಕಳಿಸಿ. ನನ್ನ ಮಗಳ ಮೊದಲ ವಾಕ್ಯ, ‘ಅದನ್ನು ಇನ್ನೊಮ್ಮೆ ಹೇಳ್ತೀರಾ?’ ಎಂಬುದು. ಆ ಪ್ರಶ್ನೆಗೆ ತಪ್ಪು ಉತ್ತರವೇ ಇಲ್ಲವಲ್ಲ ಎಂದು ಅವಳಿಗೆ ಧೈರ್ಯ ಬಂತು.

ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಮ್ಮನಿರುವುದು ಸಹಜ. ಆದರೆ ಮನೆಯಲ್ಲಿ ಧಾರಾಳ ಮಾತಾಡುವ ಮಗು, ಇಂಗ್ಲಿಷ್ ಚೆನ್ನಾಗಿ ಬಂದ ಮೇಲೂ ಶಾಲೆಯಲ್ಲಿ ಗೆಳೆಯರ ಜೊತೆಗೂ ತಿಂಗಳು ಮೀರಿ ಒಂದು ಮಾತೂ ಆಡದಿದ್ದರೆ ಮಕ್ಕಳ ವೈದ್ಯರಿಗೋ ಶಾಲೆಯ ಕೌನ್ಸೆಲರಿಗೋ ತಿಳಿಸಿ. ಅದು ಹಟವಲ್ಲ, ಆತಂಕದಿಂದ ಬರುವ ತೊಂದರೆ, ಚಿಕಿತ್ಸೆ ಇದೆ. ಬೈದರೆ ಹೆಚ್ಚಾಗುತ್ತದೆ.

ಟೀಚರಿಗೆ ಬರೆಯುವ ಇಮೇಲ್ ಹೇಗಿರಬೇಕು ಎಂದು ತೋಚದಿದ್ದರೆ ಶನಿವಾರ ಮಕ್ಕಳನ್ನು ಬಿಡಲು ಬಂದಾಗ ಹಾಗೆಯೇ ಹೊರಡಬೇಡಿ, ಒಂದು ಗಳಿಗೆ ಒಳಗೆ ಬನ್ನಿ. ಜೊತೆಗೆ ಕೂತು ಬರೆಯೋಣ.